ಕರ್ನಲ್ ಬೂಟ್ ಆಗುವಾಗ ಮೆಮೊರಿ ಕಾಯ್ದಿರಿಸುವುದು: ಯಾವ ಹಂತದಲ್ಲಿ, ಯಾವ ಕ್ರಮದಲ್ಲಿ

ಒಂದು ಗೊತ್ತಾದ ಭೌತಿಕ ವಿಳಾಸದಲ್ಲಿ 64 ಎಂಬಿ ಜಾಗ ಬೇಕು, ಲಿನಕ್ಸ್ ಕರ್ನಲ್ ಅದನ್ನು ಮುಟ್ಟಬಾರದು. ಕೋಪ್ರೊಸೆಸರ್‌ನ ಫರ್ಮ್‌ವೇರ್‌ಗಿರಬಹುದು, ಕ್ಯಾಮೆರಾ ಬಫರ್‌ಗಿರಬಹುದು, ರೀಬೂಟ್ ಆದ ಮೇಲೂ ಉಳಿಯಬೇಕಾದ ಲಾಗ್‌ಗಿರಬಹುದು. ಈ ಕೆಲಸಕ್ಕೆ ಕೈಹಾಕಿದವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಬೂಟ್‌ನ ಆರಂಭದಲ್ಲಿ ಮೆಮೊರಿಯ ಲೆಕ್ಕ ಇಡುವ ಕರ್ನಲ್ ಭಾಗದ ಹೆಸರು ಮೆಮ್‌ಬ್ಲಾಕ್. ಡ್ರೈವರ್‌ನ ಪ್ರೋಬ್‌ನಲ್ಲೋ (ಸಾಧನ ಸಿಕ್ಕಾಗ ಓಡುವ ಫಂಕ್ಷನ್) ಇನಿಟ್‌ಕಾಲ್‌ನಲ್ಲೋ (ಬೂಟ್ ವೇಳೆ ಕರ್ನಲ್ ಸಾಲಾಗಿ ಕರೆಯುವ ಫಂಕ್ಷನ್) ಮೆಮ್‌ಬ್ಲಾಕ್_ರಿಸರ್ವ್ ಕರೆಯುತ್ತಾರೆ, ಅದು ಸೊನ್ನೆ, ಅಂದರೆ ಯಶಸ್ಸು, ಹಿಂತಿರುಗಿಸುತ್ತದೆ, ಕೆಲಸ ಆಯಿತೆಂದು ಮುಂದೆ ಹೋಗುತ್ತಾರೆ. ಎರಡು ದಿನದ ನಂತರ ಸಂಬಂಧವೇ ಇಲ್ಲದ ಯಾವುದೋ ಪ್ರೋಸೆಸ್ ಕೆಟ್ಟ ಡೇಟಾದಿಂದ ಸಾಯುತ್ತದೆ.

ಕೋಡ್‌ನಲ್ಲಿ ತಪ್ಪಿರುವುದಿಲ್ಲ, ತಪ್ಪಿರುವುದು ಅದು ಓಡಿದ ಹೊತ್ತಿನಲ್ಲಿ. ನೆನಪಿಡಬೇಕಾದ ಗಡುವು ಎರಡು. ಕಾಯ್ದಿರಿಸುವ ಕೆಲಸವೆಲ್ಲ ಮೊದಲ ಹಂಚಿಕೆಗಿಂತ ಮುಂಚೆ ಮುಗಿಯಬೇಕು. ಬೂಟ್ ಕಾಲದ ಹಂಚಿಕೆಯೆಲ್ಲ ಮೆಮ್‌ಬ್ಲಾಕ್_ಫ್ರೀ_ಆಲ್‌ಗಿಂತ (ಖಾಲಿ ಪುಟಗಳನ್ನು ಸಾಮಾನ್ಯ ಅಲೊಕೇಟರ್‌ಗೆ ಒಪ್ಪಿಸುವ ಫಂಕ್ಷನ್) ಮುಂಚೆ ಮುಗಿಯಬೇಕು. ಕೆಳಗಿನ ಹಂತಗಳೆಲ್ಲ ಈ ಎರಡು ಗಡುವುಗಳ ಸುತ್ತಲೇ ಇವೆ.

ಬೇಕಾಗುವ ಸಾಮಗ್ರಿ

ನೀವು ಬೂಟ್ ಮಾಡುವ ಆವೃತ್ತಿಯದ್ದೇ ಕರ್ನಲ್ ಸೋರ್ಸ್. ಬೇರೆ ಆವೃತ್ತಿಯದ್ದು ಬೇಡ, ಏಕೆಂದರೆ ಈ ಭಾಗದ ಕ್ರಮ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತದೆ. ಸೀರಿಯಲ್ ಕನ್ಸೋಲ್, ಜೊತೆಗೆ ಕಮಾಂಡ್ ಲೈನ್‌ನಲ್ಲಿ (ಬೂಟ್‌ಲೋಡರ್ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು) ಅರ್ಲಿಕಾನ್ ಆಯ್ಕೆ. ಇದಿಲ್ಲದೆ ಬೂಟ್‌ನ ಆರಂಭದಲ್ಲೇ ನಿಂತುಹೋದ ಕರ್ನಲ್ ಏನನ್ನೂ ಹೇಳುವುದಿಲ್ಲ. ಡಿವೈಸ್ ಟ್ರೀ (ಯಂತ್ರದ ಹಾರ್ಡ್‌ವೇರ್ ಏನೆಂದು ಕರ್ನಲ್‌ಗೆ ಹೇಳುವ ವಿವರಣೆ) ಬಳಸುವ ಬೋರ್ಡ್ ಆದರೆ ಡಿಟಿಸಿ ಕಂಪೈಲರ್. ಬೋರ್ಡ್ ಕೈಯಲ್ಲಿಲ್ಲದವರಿಗೆ ಕ್ಯೂಎಮು ಎಮ್ಯುಲೇಟರ್ ಸಾಕು: ಅದರ ಆರ್ಮ್64 ‘ವರ್ಟ್’ ಯಂತ್ರದಲ್ಲಿ ರ‍್ಯಾಮ್ 1 ಜಿಬಿ ಗುರುತಿನಿಂದ, ಅಂದರೆ ಹೆಕ್ಸ್ 40000000ರಿಂದ ಶುರುವಾಗುತ್ತದೆ. ಇಲ್ಲಿನ ಉದಾಹರಣೆಗೆಲ್ಲ 2 ಜಿಬಿ ರ‍್ಯಾಮ್ ಕೊಟ್ಟ ಈ ಯಂತ್ರವನ್ನೇ ಇಟ್ಟುಕೊಳ್ಳೋಣ. ಕಾಯ್ದಿರಿಸುವ ಜಾಗ ಹೆಕ್ಸ್ 60000000ರಿಂದ 64 ಎಂಬಿ, ಅಂದರೆ ಉದ್ದ ಹೆಕ್ಸ್ 4000000.

ಹಂತ 1: ನಿಮಗೆ ಬೇಕಿರುವುದು ಯಾವ ಬಗೆಯದು, ಮೊದಲು ತೀರ್ಮಾನಿಸಿ

‘ಕಾಯ್ದಿರಿಸು’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಬೇಡಿಕೆಗಳು ಅಡಗಿರುತ್ತವೆ. ಇದನ್ನು ಬಿಡಿಸಿಕೊಳ್ಳದೆ ಮುಂದೆ ಹೋದರೆ ಸರಿಯಾದ ಹೊತ್ತಿನಲ್ಲಿ ತಪ್ಪು ಕೆಲಸ ಮಾಡುತ್ತೀರಿ.

ವಿಳಾಸ ಗೊತ್ತಿದೆ, ಕರ್ನಲ್ ಅದನ್ನು ಬೇರೆಯವರಿಗೆ ಹಂಚದಿದ್ದರೆ ಸಾಕು, ಬೇಕಾದಾಗ ಸಿಪಿಯು ಓದಬಹುದು. ಇದು ಸಾದಾ ರಿಸರ್ವ್. ಜಾಗ ಮೆಮೊರಿ ಪಟ್ಟಿಯಲ್ಲೇ ಉಳಿಯುತ್ತದೆ, ಕರ್ನಲ್‌ನ ನೇರ ಮ್ಯಾಪಿಂಗ್‌ನಲ್ಲೂ (ಭೌತಿಕ ಮೆಮೊರಿಯನ್ನು ಕರ್ನಲ್ ತನ್ನ ವರ್ಚುವಲ್ ವಿಳಾಸಗಳಿಗೆ ಜೋಡಿಸಿಕೊಂಡಿರುವುದು) ಇರುತ್ತದೆ.

ವಿಳಾಸ ಗೊತ್ತಿದೆ, ಕರ್ನಲ್ ಅದನ್ನು ಮ್ಯಾಪ್ ಕೂಡ ಮಾಡಬಾರದು. ಇದು ನೋ-ಮ್ಯಾಪ್. ಸೆಕ್ಯೂರ್ ವರ್ಲ್ಡ್‌ನ (ಲಿನಕ್ಸ್‌ಗೆ ಪ್ರವೇಶವಿಲ್ಲದ ರಕ್ಷಿತ ಭಾಗ) ಮೆಮೊರಿಗೆ ಇದೇ ಬೇಕು. ನೇರ ಮ್ಯಾಪಿಂಗ್‌ನಲ್ಲಿರುವ ಜಾಗವನ್ನು ಸಿಪಿಯು ಯಾರೂ ಕೇಳದಿದ್ದರೂ ಊಹೆಯ ಮೇಲೆ ಮುಂಚಿತವಾಗಿ ಓದಬಹುದು. ಆ ಓದನ್ನು ಹಾರ್ಡ್‌ವೇರ್ ತಡೆದರೆ ಹೊತ್ತುಗೊತ್ತಿಲ್ಲದೆ ಎಸ್‌ಎರರ್ ಎಂಬ ಹಾರ್ಡ್‌ವೇರ್ ದೋಷ ಬಂದು ಯಂತ್ರ ಬೀಳುತ್ತದೆ. ಸಾದಾ ರಿಸರ್ವ್ ಇದರಿಂದ ರಕ್ಷಿಸುವುದಿಲ್ಲ.

ವಿಳಾಸ ಯಾವುದಾದರೂ ಸರಿ, ಜಾಗ ಅಖಂಡವಾಗಿರಬೇಕು, ಸಾಧನ ಸುಮ್ಮನಿದ್ದಾಗ ಬೇರೆಯವರು ಬಳಸಿಕೊಳ್ಳಲಿ. ಇದಕ್ಕೆ ಸಿಎಂಎ, ಅಂದರೆ ಕಂಟಿಗ್ಯುಯಸ್ ಮೆಮೊರಿ ಅಲೊಕೇಟರ್.

ವಿಳಾಸ ಯಾವುದಾದರೂ ಸರಿ, ಆದರೆ ಬೂಟ್‌ನಲ್ಲೇ ಎತ್ತಿಡಬೇಕು. ಕ್ರ್ಯಾಶ್‌ಕರ್ನಲ್ (ಕರ್ನಲ್ ಬಿದ್ದಾಗ ಓಡುವ ಎರಡನೇ ಕರ್ನಲ್‌ನ ಜಾಗ), 1 ಜಿಬಿ ಗಾತ್ರದ ಹ್ಯೂಜ್‌ಪೇಜ್‌ಗಳು ಈ ಗುಂಪಿನವು. ಇವಕ್ಕೆ ಸಿದ್ಧ ಕಮಾಂಡ್ ಲೈನ್ ಆಯ್ಕೆಗಳಿವೆ, ನೀವು ಕೋಡ್ ಬರೆಯುವ ಅಗತ್ಯವೇ ಇಲ್ಲ. ಕರ್ನಲ್ 6.11ರಿಂದ ರಿಸರ್ವ್_ಮೆಮ್ ಎಂಬ ಆಯ್ಕೆಯೂ ಇದೆ: ಗಾತ್ರ, ಅಲೈನ್‌ಮೆಂಟ್, ಹೆಸರು ಮೂರನ್ನೂ ಕೋಲನ್‌ನಿಂದ ಬೇರ್ಪಡಿಸಿ ಕೊಟ್ಟರೆ ಕರ್ನಲ್ ತಾನೇ ಜಾಗ ಹುಡುಕುತ್ತದೆ. ಮುಂದಿನ ಬೂಟ್‌ನಲ್ಲೂ ಅದೇ ವಿಳಾಸ ಸಿಗುತ್ತದೆಂಬ ಖಾತ್ರಿ ಮಾತ್ರ ಇಲ್ಲ.

ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಮೊದಲ ಎರಡು ಬಗೆಗೆ ಸೇರಿದ್ದು. ಕೈಸುಡುವುದು ಅಲ್ಲೇ.

ಹಂತ 2: ಬೂಟ್‌ನ ಕ್ರಮವನ್ನು ಕಣ್ಣಾರೆ ನೋಡಿ

ಮೆಮ್‌ಬ್ಲಾಕ್ ಇಟ್ಟುಕೊಂಡಿರುವುದು ಎರಡು ಪಟ್ಟಿ. ಒಂದರ ಹೆಸರು ಮೆಮೊರಿ: ಯಂತ್ರದಲ್ಲಿರುವ ರ‍್ಯಾಮ್ ಎಲ್ಲ. ಇನ್ನೊಂದು ರಿಸರ್ವ್ಡ್: ಯಾರೋ ಈಗಾಗಲೇ ಹಿಡಿದಿರುವ ಜಾಗ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ್ದೇ ಖಾಲಿ ಜಾಗ. ಎರಡು ಪಟ್ಟಿಗಳೂ ಒಂದಕ್ಕೊಂದು ಅಂಟಿಕೊಂಡಿಲ್ಲ ಎಂಬುದನ್ನು ಗಮನಿಸಿ. ಮೆಮೊರಿ ಪಟ್ಟಿ ಪೂರ್ತಿ ಖಾಲಿಯಿದ್ದಾಗಲೂ ರಿಸರ್ವ್ಡ್ ಪಟ್ಟಿಗೆ ಸೇರಿಸಬಹುದು. ಹಾಗಾಗಿಯೇ ಮೆಮ್‌ಬ್ಲಾಕ್_ರಿಸರ್ವ್‌ಗೆ ‘ತೀರಾ ಬೇಗ’ ಎಂಬುದಿಲ್ಲ, ‘ತೀರಾ ತಡ’ ಮಾತ್ರ ಇದೆ.

ಎಕ್ಸ್86ನಲ್ಲಿ ಸೆಟಪ್_ಆರ್ಚ್ ಫಂಕ್ಷನ್ ತೆರೆದು ಈ ಕ್ರಮವನ್ನು ಗುರುತು ಹಾಕಿಕೊಳ್ಳಿ:

1. ಅರ್ಲಿ_ರಿಸರ್ವ್_ಮೆಮೊರಿ: ಕರ್ನಲ್ ಇಮೇಜ್, ಇನಿಟ್‌ಆರ್‌ಡಿ (ಆರಂಭದ ತಾತ್ಕಾಲಿಕ ಫೈಲ್ ವ್ಯವಸ್ಥೆಯ ಇಮೇಜ್), ಬೂಟ್‌ಲೋಡರ್ ಕೊಟ್ಟ ಡೇಟಾ, ಬಯೋಸ್ ಪ್ರದೇಶಗಳು.
2. ಇ820, ಅಂದರೆ ಫರ್ಮ್‌ವೇರ್ ಕೊಡುವ ಮೆಮೊರಿ ಪಟ್ಟಿ, ಓದುವುದು.
3. ಪಾರ್ಸ್_ಅರ್ಲಿ_ಪ್ಯಾರಮ್: ಕಮಾಂಡ್ ಲೈನ್‌ನ ಮೆಮ್, ಮೆಮ್‌ಮ್ಯಾಪ್ ಇತ್ಯಾದಿ ಇಲ್ಲಿ ಜಾರಿಗೆ ಬರುತ್ತವೆ.
4. ಇಎಫ್‌ಐ (ಬಯೋಸ್‌ನ ಜಾಗಕ್ಕೆ ಬಂದ ಫರ್ಮ್‌ವೇರ್) ಮೆಮೊರಿ ಮ್ಯಾಪ್ ಇರುವ ಜಾಗವನ್ನು ಕಾಯ್ದಿರಿಸುವುದು.
5. ಇ820__ಮೆಮ್‌ಬ್ಲಾಕ್_ಸೆಟಪ್: ಇಲ್ಲಿ ಮೊದಲ ಬಾರಿ ಮೆಮೊರಿ ಪಟ್ಟಿ ತುಂಬುತ್ತದೆ.
6. ಇನಿಟ್_ಮೆಮ್_ಮ್ಯಾಪಿಂಗ್: ನೇರ ಮ್ಯಾಪಿಂಗ್.
7. ಸಿಎಂಎ, ಆಮೇಲೆ ಕ್ರ್ಯಾಶ್‌ಕರ್ನಲ್.

ಒಂದು ಮತ್ತು ನಾಲ್ಕನೇ ಸಾಲು ಬೇರೆ ಬೇರೆ ಏಕೆ ಇವೆ ಎಂಬುದರಲ್ಲೇ ಈ ವಿಷಯದ ಸೂಕ್ಷ್ಮ ಇದೆ. ಮೊದಲಿನ ಗುಂಪು ಇ820 ಓದುವುದಕ್ಕಿಂತ ಮುಂಚೆಯೇ ಆಗಬೇಕು, ಏಕೆಂದರೆ ಜೆನ್ ಹೈಪರ್‌ವೈಸರ್‌ನ ಮೊದಲ ಗೆಸ್ಟ್ ಆದ ಡಾಮ್0ನಲ್ಲಿ ಇ820 ಸಿದ್ಧಪಡಿಸುವ ಕೋಡ್ ಆ ಕಾಯ್ದಿರಿಸುವಿಕೆ ಮುಗಿದಿದೆ ಎಂದೇ ನಂಬಿ ಓಡುತ್ತದೆ. ಇಎಫ್‌ಐ ಭಾಗ ಕಮಾಂಡ್ ಲೈನ್ ಓದಿದ ಮೇಲೆಯೇ ಆಗಬೇಕು, ಏಕೆಂದರೆ ಅದರ ನಡವಳಿಕೆ ಬಳಕೆದಾರ ಕೊಟ್ಟ ಆಯ್ಕೆಗಳ ಮೇಲೆ ನಿಂತಿದೆ. 2021ರಲ್ಲಿ ಎಲ್ಲವನ್ನೂ ಒಟ್ಟಾಗಿ ಮೇಲಕ್ಕೆ ಎಳೆದಾಗ ಈ ಎರಡನೇ ಅವಲಂಬನೆ ಮುರಿಯಿತು. ಕೊನೆಗೆ ಇಎಫ್‌ಐ ತುಂಡನ್ನು ಮಾತ್ರ ಕೆಳಗಿಳಿಸಿ ಸರಿಪಡಿಸಲಾಯಿತು. ‘ಆದಷ್ಟು ಬೇಗ ಮಾಡಿದರೆ ಒಳ್ಳೆಯದು’ ಎಂದು ಸಾಲುಗಳನ್ನು ಮೇಲೆ ಕೆಳಗೆ ಮಾಡುವ ಮುನ್ನ, ಪ್ರತಿ ಸಾಲು ತನಗಿಂತ ಮುಂಚೆ ಏನನ್ನು ಬಯಸುತ್ತದೆ ಎಂದು ಓದಿ ನೋಡಿ.

ಆರ್ಮ್64ನಲ್ಲಿ ಕ್ರಮ ಬೇರೆ. ಡಿವೈಸ್ ಟ್ರೀ ಓದಿದಾಗಲೇ ಮೆಮೊರಿ ಪಟ್ಟಿ ತುಂಬುತ್ತದೆ. ನಂತರ ಪಾರ್ಸ್_ಅರ್ಲಿ_ಪ್ಯಾರಮ್. ಆಮೇಲೆ ಇಎಫ್‌ಐ_ಇನಿಟ್. ನಂತರ ಆರ್ಮ್64_ಮೆಮ್‌ಬ್ಲಾಕ್_ಇನಿಟ್: ಇದರೊಳಗೆ ಕರ್ನಲ್ ಇಮೇಜ್ ಮತ್ತು ಇನಿಟ್‌ಆರ್‌ಡಿ ರಿಸರ್ವ್ ಆಗಿ, ಕೊನೆಗೆ ರಿಸರ್ವ್ಡ್-ಮೆಮೊರಿ ನೋಡ್‌ಗಳ ಸ್ಕ್ಯಾನ್ ನಡೆಯುತ್ತದೆ. ಅದಾದ ಮೇಲೆ ಪೇಜಿಂಗ್_ಇನಿಟ್, ಆಮೇಲೆ ಬೂಟ್‌ಮೆಮ್_ಇನಿಟ್‌ನಲ್ಲಿ ಸಿಎಂಎ ಮತ್ತು ಕ್ರ್ಯಾಶ್‌ಕರ್ನಲ್.

ಎರಡೂ ಕಡೆ ಸೆಟಪ್_ಆರ್ಚ್ ಮುಗಿದ ಸ್ವಲ್ಪ ಹೊತ್ತಿಗೆ ಎಂಎಂ_ಕೋರ್_ಇನಿಟ್ ಬರುತ್ತದೆ. ಅಲ್ಲಿ ಮೆಮ್‌ಬ್ಲಾಕ್_ಫ್ರೀ_ಆಲ್ ಓಡಿ ಖಾಲಿ ಪುಟಗಳನ್ನೆಲ್ಲ ‘ಬಡ್ಡಿ’ ಅಲೊಕೇಟರ್‌ಗೆ, ಅಂದರೆ ಕರ್ನಲ್‌ನಲ್ಲಿ ಪುಟ ಹಂಚುವ ಸಾಮಾನ್ಯ ಭಾಗಕ್ಕೆ, ಒಪ್ಪಿಸುತ್ತದೆ. ಇನಿಟ್‌ಕಾಲ್‌ಗಳು ಶುರುವಾಗುವುದು ಇದಾದ ಎಷ್ಟೋ ಹೊತ್ತಿನ ಮೇಲೆ. ಆದ್ದರಿಂದ ಯಾವ ಮಟ್ಟದ ಇನಿಟ್‌ಕಾಲ್ ಆರಿಸಿದರೂ ಪ್ರಯೋಜನವಿಲ್ಲ, ಅರ್ಲಿ_ಇನಿಟ್‌ಕಾಲ್ ಕೂಡ ತಡವೇ. ಆ ಹೊತ್ತಿಗೆ ರಿಸರ್ವ್ ಕರೆಯುವುದೆಂದರೆ ಬಸ್ಸಿನಲ್ಲಿ ಯಾರೋ ಕೂತಿರುವ ಸೀಟಿನ ಮೇಲೆ ಟವೆಲ್ ಹಾಕಿದಂತೆ.

ಹಂತ 3: ವಿಳಾಸವನ್ನು ಆರಿಸಿ, ಯಾರೂ ಅಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ಯಾವ ಬದಲಾವಣೆಯೂ ಇಲ್ಲದೆ ಒಮ್ಮೆ ಬೂಟ್ ಮಾಡಿ /ಪ್ರಾಕ್/ಐಒಮೆಮ್ ಓದಿ. ರೂಟ್ ಆಗಿಯೇ ಓದಬೇಕು, ಇಲ್ಲದಿದ್ದರೆ ವಿಳಾಸಗಳೆಲ್ಲ ಸೊನ್ನೆಯಾಗಿ ಕಾಣುತ್ತವೆ. ನಿಮ್ಮ ಜಾಗ ‘ಸಿಸ್ಟಮ್ ರ‍್ಯಾಮ್’ ಎಂಬ ಒಂದೇ ಸಾಲಿನೊಳಗೆ ಪೂರ್ತಿ ಕೂರಬೇಕು. ಅದರೊಳಗೆ ‘ಕರ್ನಲ್ ಕೋಡ್’, ‘ಕರ್ನಲ್ ಡೇಟಾ’, ‘ಕ್ರ್ಯಾಶ್ ಕರ್ನಲ್’ ಸಾಲುಗಳಿಗೆ ತಾಗಬಾರದು.

ಇಲ್ಲೊಂದು ಬಲೆ ಇದೆ. ಮೆಮ್‌ಬ್ಲಾಕ್ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಜಾಗ ಕೊಡುತ್ತದೆ. ಪೇಜ್ ಟೇಬಲ್‌ಗಳು, ಪುಟಗಳ ವಿವರ ಇಡುವ ರಚನೆಗಳು, ಸಿಎಂಎ ಎಲ್ಲವೂ ರ‍್ಯಾಮ್‌ನ ಮೇಲ್ತುದಿಯಲ್ಲೋ ಡಿಎಂಎ ಮಿತಿಯ (ಸಾಧನಗಳು ನೇರವಾಗಿ ತಲುಪಬಲ್ಲ ವಿಳಾಸದ ಗಡಿ) ಮೇಲ್ತುದಿಯಲ್ಲೋ ಗುಂಪು ಸೇರುತ್ತವೆ. ನಡುಮಧ್ಯದ ವಿಳಾಸ ಆರಿಸಿದವರಿಗೆ, ರಿಸರ್ವ್ ತಡವಾಗಿ ಆದರೂ, ಆರಂಭದ ಹಂಚಿಕೆಗಳು ಅಲ್ಲಿಗೆ ತಲುಪದೆ ಎಲ್ಲ ಸರಿಯಿದ್ದಂತೆ ತೋರುತ್ತದೆ. ರ‍್ಯಾಮ್ ಗಾತ್ರ ಬದಲಾದ ದಿನ, ಅಥವಾ ಕಾನ್ಫಿಗ್‌ನಲ್ಲಿ ಒಂದು ಡಿಬಗ್ ಆಯ್ಕೆ ಹಾಕಿದ ದಿನ ಅದು ಒಡೆಯುತ್ತದೆ. ಆದ್ದರಿಂದ ಪರೀಕ್ಷೆಗೆ ಬೇಕೆಂದೇ ರ‍್ಯಾಮ್‌ನ ಮೇಲ್ತುದಿಯ ವಿಳಾಸದಲ್ಲೂ ಒಮ್ಮೆ ಓಡಿಸಿ. ಅಲ್ಲಿ ಉಳಿದುಕೊಂಡರೆ ನಿಮ್ಮ ಕ್ರಮ ನಿಜಕ್ಕೂ ಸರಿಯಿದೆ.

ಇನ್ನೊಂದು, ಮೆಮ್‌ಬ್ಲಾಕ್ ಹುಟ್ಟುವ ಮುನ್ನವೇ ಆಗುವ ಘರ್ಷಣೆ. ಕೆಎಎಸ್‌ಎಲ್‌ಆರ್ (ಕರ್ನಲ್ ಕೂರುವ ವಿಳಾಸವನ್ನು ಯಾದೃಚ್ಛಿಕಗೊಳಿಸುವ ವ್ಯವಸ್ಥೆ) ಇದ್ದಾಗ ಎಕ್ಸ್86 ಕರ್ನಲ್ ಎಲ್ಲಿ ಬಿಚ್ಚಿಕೊಳ್ಳಬೇಕೆಂಬುದನ್ನು ಡಿಕಂಪ್ರೆಷನ್ ಹಂತವೇ ತೀರ್ಮಾನಿಸುತ್ತದೆ. ಕರ್ನಲ್ ಇಮೇಜ್ ನೇರವಾಗಿ ನಿಮ್ಮ ಜಾಗದ ಮೇಲೆ ಬಂದು ಕೂತರೆ, ಸೆಟಪ್_ಆರ್ಚ್‌ನಲ್ಲಿ ಎಷ್ಟು ಬೇಗ ಕರೆದರೂ ಉಪಯೋಗವಿಲ್ಲ. ಕಮಾಂಡ್ ಲೈನ್‌ನ ಮೆಮ್‌ಮ್ಯಾಪ್ ಆಯ್ಕೆಯನ್ನು ಆ ಹಂತವೂ ಓದಿ ತಪ್ಪಿಸಿಕೊಳ್ಳುತ್ತದೆ, ಆದರೆ ನಾಲ್ಕು ಪ್ರದೇಶಗಳವರೆಗೆ ಮಾತ್ರ. ಅದಕ್ಕಿಂತ ಹೆಚ್ಚಾದರೆ ಭೌತಿಕ ವಿಳಾಸವನ್ನು ಯಾದೃಚ್ಛಿಕಗೊಳಿಸುವುದನ್ನೇ ಕೈಬಿಡುತ್ತದೆ. ಸಮಸ್ಯೆ ಕೆಲವು ಬೂಟ್‌ಗಳಲ್ಲಿ ಮಾತ್ರ ಕಾಣುತ್ತಿದ್ದರೆ ಮೊದಲು ನೋಕೆಎಎಸ್‌ಎಲ್‌ಆರ್ ಹಾಕಿ ನೋಡಿ.

ಹಂತ 4: ಎಕ್ಸ್86ನಲ್ಲಿ, ಕೋಡ್ ಮುಟ್ಟದೆ

ಎಕ್ಸ್86 ಯಂತ್ರಕ್ಕೆ ಮೊದಲು ಪ್ರಯತ್ನಿಸಬೇಕಾದದ್ದು ಮೆಮ್‌ಮ್ಯಾಪ್. ಬರೆಯುವ ರೀತಿ: ಮೆಮ್‌ಮ್ಯಾಪ್=64ಎಂ$1536ಎಂ. ಡಾಲರ್‌ಗೆ ಮುಂಚೆ ಗಾತ್ರ, ನಂತರ ಶುರುವಿನ ವಿಳಾಸ. ಇದು ಪಾರ್ಸ್_ಅರ್ಲಿ_ಪ್ಯಾರಮ್ ಹೊತ್ತಿಗೆ ಇ820 ಪಟ್ಟಿಯಲ್ಲೇ ಆ ಜಾಗವನ್ನು ‘ರಿಸರ್ವ್ಡ್’ ಎಂದು ತಿದ್ದುತ್ತದೆ. ಮೆಮೊರಿ ಪಟ್ಟಿ ತುಂಬುವುದು ಅದಾದ ಮೇಲೆ, ಹೀಗಾಗಿ ಆ 64 ಎಂಬಿ ಮೆಮ್‌ಬ್ಲಾಕ್‌ನ ಕಣ್ಣಿಗೇ ಬೀಳುವುದಿಲ್ಲ. ಗಡುವಿನ ಚಿಂತೆಯೇ ಇಲ್ಲ.

ಇಲ್ಲಿ ಜನ ಸೋಲುವುದು ಡಾಲರ್ ಚಿಹ್ನೆಯಲ್ಲಿ. ಗ್ರಬ್ ಬೂಟ್‌ಲೋಡರ್ ಅದನ್ನು ತನ್ನ ವೇರಿಯಬಲ್ ಎಂದು ತಿಳಿದು ನುಂಗಿಬಿಡುತ್ತದೆ. ಪರಿಣಾಮ ಸಣ್ಣದಲ್ಲ: ಡಾಲರ್ ಹೋದ ಮೇಲೆ ಉಳಿಯುವ ‘ಮೆಮ್‌ಮ್ಯಾಪ್=64ಎಂ’ ಎಂಬುದಕ್ಕೆ ಕರ್ನಲ್‌ನ ಅರ್ಥವೇ ಬೇರೆ. 64 ಎಂಬಿಗಿಂತ ಮೇಲಿನ ರ‍್ಯಾಮ್ ಎಲ್ಲವನ್ನೂ ಕೈಬಿಡು ಎಂದಾಗುತ್ತದೆ. ಯಂತ್ರ ಬೂಟ್ ಆಗದೆ ನಿಲ್ಲುತ್ತದೆ, ದೋಷ ರ‍್ಯಾಮ್ ಕಡ್ಡಿಯದೆಂದು ಹುಡುಕುತ್ತಾ ಕೂರುತ್ತೀರಿ.

/ಇಟಿಸಿ/ಡಿಫಾಲ್ಟ್/ಗ್ರಬ್ ಫೈಲ್‌ನಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆಯುವಾಗ ಡಾಲರ್‌ಗೆ ಮುಂಚೆ ಮೂರು ಬ್ಯಾಕ್‌ಸ್ಲ್ಯಾಶ್ ಹಾಕಿ. ಗ್ರಬ್ ಮೆನುವಿನಲ್ಲೇ ತಿದ್ದುತ್ತಿದ್ದರೆ ಒಂದು ಸಾಕು. ಬೂಟ್ ಆದ ಮೇಲೆ /ಪ್ರಾಕ್/ಸಿಎಂಡಿಲೈನ್ ಓದಿ. ಅಲ್ಲಿ ಬ್ಯಾಕ್‌ಸ್ಲ್ಯಾಶ್ ಇರಬಾರದು, ಡಾಲರ್ ಇರಬೇಕು. ಡಿಮೆಸ್ಗ್‌ನಲ್ಲಿ (ಕರ್ನಲ್ ಲಾಗ್) ‘ಯೂಸರ್-ಡಿಫೈನ್ಡ್ ಫಿಸಿಕಲ್ ರ‍್ಯಾಮ್ ಮ್ಯಾಪ್’ ಎಂಬ ಸಾಲು ಬಂದು, ಕೆಳಗೆ ನಿಮ್ಮ ಜಾಗ ರಿಸರ್ವ್ಡ್ ಎಂದು ಕಂಡರೆ ಆಯಿತು.

ಡಾಲರ್ ಬದಲು ಆಶ್ಚರ್ಯಸೂಚಕ ಹಾಕಿದರೆ ಅದೇ ಜಾಗ ಪರ್ಸಿಸ್ಟೆಂಟ್ ಮೆಮೊರಿಯಾಗಿ ಗುರುತಾಗುತ್ತದೆ. ಆಟ್ ಚಿಹ್ನೆ ಹಾಕಿದರೆ ಬಳಸಬಹುದಾದ ರ‍್ಯಾಮ್ ಎಂದು ಸೇರಿಕೊಳ್ಳುತ್ತದೆ. ಒಂದೇ ಅಕ್ಷರದ ವ್ಯತ್ಯಾಸ, ಎಚ್ಚರವಿರಲಿ.

ಹಂತ 5: ಆರ್ಮ್64ನಲ್ಲಿ, ಡಿವೈಸ್ ಟ್ರೀಯಿಂದ

ಆರ್ಮ್64ನಲ್ಲಿ ಮೆಮ್‌ಮ್ಯಾಪ್ ಆಯ್ಕೆ ಇಲ್ಲ. ಅದನ್ನು ಕಮಾಂಡ್ ಲೈನ್‌ಗೆ ಸೇರಿಸಿದರೆ ಏನೂ ಆಗುವುದಿಲ್ಲ. ಇಲ್ಲಿನ ದಾರಿ ರಿಸರ್ವ್ಡ್-ಮೆಮೊರಿ ನೋಡ್.

ಕ್ಯೂಎಮುವಿನಲ್ಲಿ ಯಂತ್ರದ ಆಯ್ಕೆಗೆ ಡಂಪ್‌ಡಿಟಿಬಿ ಸೇರಿಸಿ ಓಡಿಸಿದರೆ ಅದು ತನ್ನ ಟ್ರೀಯನ್ನು ಫೈಲ್‌ಗೆ ಬರೆದು ನಿಲ್ಲುತ್ತದೆ. ಡಿಟಿಸಿಯಿಂದ ಅದನ್ನು ಪಠ್ಯಕ್ಕೆ ತಿರುಗಿಸಿ ರೂಟ್ ನೋಡ್‌ನ ಕೆಳಗೆ ರಿಸರ್ವ್ಡ್-ಮೆಮೊರಿ ನೋಡ್ ಸೇರಿಸಿ. ಅದರಲ್ಲಿ ಮೂರು ಗುಣಗಳು ಕಡ್ಡಾಯ: ಅಡ್ರೆಸ್-ಸೆಲ್ಸ್, ಸೈಜ್-ಸೆಲ್ಸ್, ಮತ್ತು ಖಾಲಿ ರೇಂಜಸ್. ಮೊದಲೆರಡು ರೂಟ್ ನೋಡ್‌ನಲ್ಲಿರುವ ಸಂಖ್ಯೆಗೆ ಸರಿಹೊಂದಲೇಬೇಕು. ಹೊಂದದಿದ್ದರೆ ಅಥವಾ ರೇಂಜಸ್ ಮರೆತರೆ ಕರ್ನಲ್ ‘ಅನ್‌ಸಪೋರ್ಟೆಡ್ ನೋಡ್ ಫಾರ್ಮ್ಯಾಟ್’ ಎಂದು ಒಂದು ಸಾಲು ಬರೆದು ನೋಡ್‌ಗಳನ್ನು ಪೂರ್ತಿ ಕಡೆಗಣಿಸುತ್ತದೆ. ಬೂಟ್ ಮುಂದುವರಿಯುತ್ತದೆ, ಯಾರೂ ಗಮನಿಸುವುದಿಲ್ಲ.

ಅದರ ಕೆಳಗೆ ನಿಮ್ಮ ಜಾಗದ ನೋಡ್. ಸೆಲ್ಸ್ ಎರಡೆರಡು ಇರುವಾಗ ರೆಗ್‌ನಲ್ಲಿ ನಾಲ್ಕು ಸಂಖ್ಯೆ: 0, ಹೆಕ್ಸ್ 60000000, 0, ಹೆಕ್ಸ್ 4000000. ರೆಗ್ ಕೊಟ್ಟ ನೋಡ್ ಸ್ಥಿರ, ಸೈಜ್ ಮಾತ್ರ ಕೊಟ್ಟದ್ದು ಚಲ. ಸ್ಥಿರವಾದವೆಲ್ಲ ಮೊದಲು ತಮ್ಮ ಜಾಗ ಹಿಡಿಯುತ್ತವೆ, ಚಲವಾದವು ಉಳಿದದ್ದರಲ್ಲಿ ಹುಡುಕಿಕೊಳ್ಳುತ್ತವೆ. ಫೈಲ್‌ನಲ್ಲಿ ಯಾವುದನ್ನು ಮೇಲೆ ಬರೆದಿರಿ ಎಂಬುದಕ್ಕೆ ಬೆಲೆಯಿಲ್ಲ.

ನೋ-ಮ್ಯಾಪ್ ಹಾಕಬೇಕೇ ಎಂಬುದು ಡ್ರೈವರ್ ಆ ಜಾಗವನ್ನು ಹೇಗೆ ತೆರೆಯುತ್ತದೆ ಎಂಬುದಕ್ಕೂ ಗಂಟು ಬಿದ್ದಿದೆ. ನೋ-ಮ್ಯಾಪ್ ಇಲ್ಲದ ಜಾಗದ ಮೇಲೆ ಐಒರೀಮ್ಯಾಪ್ (ಭೌತಿಕ ವಿಳಾಸವನ್ನು ಕ್ಯಾಶ್ ಇಲ್ಲದೆ ಮ್ಯಾಪ್ ಮಾಡುವ ಫಂಕ್ಷನ್) ಕರೆದರೆ ಆರ್ಮ್64 ಎಚ್ಚರಿಕೆ ಕೊಟ್ಟು ನಲ್ ಹಿಂತಿರುಗಿಸುತ್ತದೆ, ಏಕೆಂದರೆ ಒಂದೇ ರ‍್ಯಾಮ್ ಎರಡು ಬಗೆಯ ಕ್ಯಾಶಿಂಗ್‌ನಲ್ಲಿ ಮ್ಯಾಪ್ ಆಗಬಾರದು. ಅಲ್ಲಿ ರೈಟ್-ಬ್ಯಾಕ್ ಬಗೆಯ ಮೆಮ್‌ರೀಮ್ಯಾಪ್ ಬಳಸಿ. ಕ್ಯಾಶ್ ಬೇಡವೇ ಬೇಡ ಎಂದಾದರೆ ನೋ-ಮ್ಯಾಪ್ ಹಾಕಿ, ಆಗ ಐಒರೀಮ್ಯಾಪ್ ಸಲೀಸು. ರೀಯೂಸಬಲ್ (ಸಾಧನ ಸುಮ್ಮನಿದ್ದಾಗ ಜಾಗವನ್ನು ಬೇರೆಯವರಿಗೆ ಬಿಡುವ ಗುಣ) ಮತ್ತು ನೋ-ಮ್ಯಾಪ್ ಒಟ್ಟಿಗೆ ಹಾಕುವಂತಿಲ್ಲ. ರೀಯೂಸಬಲ್ ಪೂಲ್ ಆದರೆ ವಿಳಾಸ, ಗಾತ್ರ ಎರಡೂ ಸಿಎಂಎ ಅಲೈನ್‌ಮೆಂಟ್‌ಗೆ ಕೂರಬೇಕು. 4 ಎಂಬಿಯ ಗುಣಕದಲ್ಲಿಟ್ಟರೆ 4 ಕೆಬಿ ಪುಟಗಳ ಸಾಮಾನ್ಯ ಕಾನ್ಫಿಗ್‌ಗಳಲ್ಲಿ ತೊಂದರೆ ಬರದು. ‘ಇನ್‌ಕರೆಕ್ಟ್ ಅಲೈನ್‌ಮೆಂಟ್ ಆಫ್ ಸಿಎಂಎ ರೀಜನ್’ ಎಂದು ಕಂಡರೆ ಕಾರಣ ಇದೇ.

ಡಿವೈಸ್ ಟ್ರೀ ದಾರಿಯಲ್ಲಿ ಹೊತ್ತು ತಪ್ಪುವುದು ಮೂರು ಕಡೆ.

ಮೊದಲನೆಯದು ಓವರ್‌ಲೇ, ಅಂದರೆ ಮೂಲ ಟ್ರೀಗೆ ಆಮೇಲೆ ಬೆರೆಸುವ ತುಂಡು. ರಿಸರ್ವ್ಡ್-ಮೆಮೊರಿ ನೋಡ್ ಇರುವ ಓವರ್‌ಲೇಯನ್ನು ಕರ್ನಲ್ ಎದ್ದ ಮೇಲೆ ಹಾಕಿದರೆ ನೋಡ್ ಟ್ರೀಯಲ್ಲಿ ಕಾಣುತ್ತದೆ, ಜಾಗ ಮಾತ್ರ ಕಾಯ್ದಿರಿಸಿಲ್ಲ. ಸ್ಕ್ಯಾನ್ ಸೆಟಪ್_ಆರ್ಚ್‌ನಲ್ಲೇ ಮುಗಿದುಹೋಗಿದೆ. ಓವರ್‌ಲೇಯನ್ನು ಯು-ಬೂಟ್ ಬೂಟ್‌ಲೋಡರ್ ಅಥವಾ ಬೋರ್ಡ್‌ನ ಫರ್ಮ್‌ವೇರ್ ಕರ್ನಲ್‌ಗೆ ಜಿಗಿಯುವ ಮುನ್ನವೇ ಬೆರೆಸಬೇಕು.

ಎರಡನೆಯದು ಯುಇಎಫ್‌ಐ. ಯುಇಎಫ್‌ಐ ಮೂಲಕ ಬೂಟ್ ಆದಾಗ ಕರ್ನಲ್‌ನ ಇಎಫ್‌ಐ ಸ್ಟಬ್ (ಫರ್ಮ್‌ವೇರ್ ಮೊದಲು ಓಡಿಸುವ ಕರ್ನಲ್‌ನ ಮುಂತುಂಡು), ಟ್ರೀಯ ತಲೆಯಲ್ಲಿರುವ ಮೆಮ್‌ರಿಸರ್ವ್ ನಮೂದುಗಳನ್ನೆಲ್ಲ ಅಳಿಸಿಬಿಡುತ್ತದೆ. ಕಾಯ್ದಿರಿಸಿದ ಜಾಗ ಯಾವುದೆಂದು ಇಎಫ್‌ಐ ಮೆಮೊರಿ ಮ್ಯಾಪ್ ಹೇಳುತ್ತದೆ ಎಂಬುದು ಅದರ ನಂಬಿಕೆ. ರಿಸರ್ವ್ಡ್-ಮೆಮೊರಿ ನೋಡ್‌ಗಳು ಉಳಿಯುತ್ತವೆ, ಆದರೆ ಸ್ಟಬ್ ಕರ್ನಲ್‌ಗೆ ಜಾಗ ಹುಡುಕುವಾಗ ನೋಡುವುದು ಇಎಫ್‌ಐ ಮ್ಯಾಪ್ ಅನ್ನು. ಫರ್ಮ್‌ವೇರ್ ಆ ಮ್ಯಾಪ್‌ನಲ್ಲೂ ನಿಮ್ಮ ಜಾಗವನ್ನು ಗುರುತು ಹಾಕಿರಬೇಕು. ಎರಡರಲ್ಲೂ ಇರಲಿ.

ಮೂರನೆಯದು ಒಂದೇ ಜಾಗವನ್ನು ಮೆಮ್‌ರಿಸರ್ವ್‌ನಲ್ಲೂ ನೋ-ಮ್ಯಾಪ್ ನೋಡ್‌ನಲ್ಲೂ ಬರೆಯುವುದು. ಆಗಲೇ ರಿಸರ್ವ್ ಆಗಿರುವ ರ‍್ಯಾಮ್ ಅನ್ನು ನೋ-ಮ್ಯಾಪ್ ಮಾಡಲು ಕರ್ನಲ್ ಒಪ್ಪುವುದಿಲ್ಲ, ‘ಫೇಲ್ಡ್ ಟು ರಿಸರ್ವ್ ಮೆಮೊರಿ ಫಾರ್ ನೋಡ್’ ಎಂದು ಬಿಟ್ಟುಬಿಡುತ್ತದೆ. ಯಾವುದು ಮೊದಲು ಓದಲಾಗುತ್ತದೆ ಎಂಬ ಕ್ರಮ ಆವೃತ್ತಿಗಳ ನಡುವೆ ಬದಲಾಗಿದೆ. ಹಳೆಯ ಕರ್ನಲ್‌ನಲ್ಲಿ ಒಂದು ಫಲ, ಹೊಸದರಲ್ಲಿ ಇನ್ನೊಂದು. ನೋಡ್ ಒಂದನ್ನೇ ಇಟ್ಟುಕೊಳ್ಳಿ.

ಹಂತ 6: ಕೋಡ್‌ನಲ್ಲೇ ಮಾಡಲೇಬೇಕಾದರೆ

ಹೊಸ ಆರ್ಕಿಟೆಕ್ಚರ್ ಪೋರ್ಟ್ ಅಥವಾ ಫರ್ಮ್‌ವೇರ್ ಕೊಡುವ ವಿಚಿತ್ರ ಟೇಬಲ್ ಇದ್ದಾಗ ಮಾತ್ರ ಈ ಹಂತ. ಮೇಲಿನ ಎರಡು ದಾರಿಗಳು ಸಾಕಾಗುವವರು ಏಳನೇ ಹಂತಕ್ಕೆ ಹೋಗಿ.

ಎಕ್ಸ್86ನಲ್ಲಿ ನಿಮ್ಮ ಕರೆ ಅರ್ಲಿ_ರಿಸರ್ವ್_ಮೆಮೊರಿಯೊಳಗೆ ಇರಬೇಕು, ಕಮಾಂಡ್ ಲೈನ್ ಬೇಕಿದ್ದರೆ ಪಾರ್ಸ್_ಅರ್ಲಿ_ಪ್ಯಾರಮ್ ಆದ ತಕ್ಷಣ. 32 ಬಿಟ್ ಆರ್ಮ್‌ನಲ್ಲಿ ಯಂತ್ರ ವಿವರಣೆಯ ರಿಸರ್ವ್ ಕಾಲ್‌ಬ್ಯಾಕ್ ಇದಕ್ಕೇ ಇದೆ. ಆರ್ಮ್64ನಲ್ಲಿ ಅಂಥ ಕೊಕ್ಕೆಯನ್ನು ಬೇಕೆಂದೇ ಕೊಟ್ಟಿಲ್ಲ. ಅಲ್ಲಿ ಡಿವೈಸ್ ಟ್ರೀಗೇ ಮರಳಿ.

ಕರೆಯುವ ಮುನ್ನ ಮೆಮ್‌ಬ್ಲಾಕ್_ಈಸ್_ರೀಜನ್_ರಿಸರ್ವ್ಡ್ ಕೇಳಿ. ಇದನ್ನು ಬಿಡಬೇಡಿ. ಮೆಮ್‌ಬ್ಲಾಕ್_ರಿಸರ್ವ್ ಘರ್ಷಣೆಯನ್ನು ತಿಳಿಸುವುದೇ ಇಲ್ಲ. ಬೇರೆಯವರು ಆಗಲೇ ಹಿಡಿದ ಜಾಗದ ಮೇಲೆ ಕರೆದರೆ ಎರಡು ನಮೂದುಗಳನ್ನು ಒಂದಾಗಿ ಬೆಸೆದು ಯಶಸ್ಸು ಎನ್ನುತ್ತದೆ. ಪೇಜ್ ಟೇಬಲ್ ಇರುವ ಪುಟವನ್ನು ‘ಕಾಯ್ದಿರಿಸಿ’ ಅದರ ಮೇಲೆ ಕೋಪ್ರೊಸೆಸರ್‌ಗೆ ಬರೆಯಲು ಬಿಡುವ ಅಪಘಾತ ಹೀಗೇ ಆಗುವುದು.

ಅರ್ಲಿ_ಪ್ಯಾರಮ್ ಹ್ಯಾಂಡ್ಲರ್‌ನಿಂದ ರಿಸರ್ವ್ ಕರೆಯಬಹುದು, ಹಂಚಿಕೆ ಮಾತ್ರ ಮಾಡಬೇಡಿ. ಎಕ್ಸ್86ನಲ್ಲಿ ಆ ಹೊತ್ತಿಗೆ ಮೆಮೊರಿ ಪಟ್ಟಿ ಖಾಲಿ, ಹಂಚಿಕೆ ಸೋಲುತ್ತದೆ. ಅದು ಪುಣ್ಯ, ತಕ್ಷಣ ಗೊತ್ತಾಗುತ್ತದೆ. ಆರ್ಮ್64ನಲ್ಲಿ ಪರಿಸ್ಥಿತಿ ಕೆಟ್ಟದ್ದು. ಮೆಮೊರಿ ಪಟ್ಟಿ ತುಂಬಿದೆ, ಆದರೆ ಕರ್ನಲ್ ಇಮೇಜ್ ಇನ್ನೂ ರಿಸರ್ವ್ ಆಗಿಲ್ಲ. ಮೆಮ್‌ಬ್ಲಾಕ್_ಫಿಸ್_ಅಲಾಕ್ ಓಡುತ್ತಿರುವ ಕರ್ನಲ್‌ನದ್ದೇ ಜಾಗವನ್ನು ನಿಮ್ಮ ಕೈಗೆ ಕೊಡಬಹುದು. ವರ್ಚುವಲ್ ವಿಳಾಸ ಕೊಡುವ ಮೆಮ್‌ಬ್ಲಾಕ್_ಅಲಾಕ್ ಆದರೆ ಇನ್ನೂ ಮ್ಯಾಪ್ ಆಗದ ಜಾಗವನ್ನು ಸೊನ್ನೆ ಮಾಡಲು ಹೋಗಿ ಬೀಳುತ್ತದೆ.

ಪಟ್ಟಿಯ ಗಾತ್ರವನ್ನೂ ನೋಡಿ. ಆರಂಭದಲ್ಲಿ ಎರಡು ಪಟ್ಟಿಗಳೂ ಸ್ಥಿರ ಗಾತ್ರದವು, ಸಾಮಾನ್ಯವಾಗಿ 128 ನಮೂದು. ಮೆಮ್‌ಬ್ಲಾಕ್_ಅಲೌ_ರೀಸೈಜ್ ಕರೆಯುವವರೆಗೆ ಅವು ಬೆಳೆಯುವುದಿಲ್ಲ. ಅದನ್ನು ಮೊದಲೇ ಕರೆಯುವಂತಿಲ್ಲ, ಏಕೆಂದರೆ ಪಟ್ಟಿ ಬೆಳೆಯಲು ಅದಕ್ಕೇ ಹೊಸ ಜಾಗ ಬೇಕು, ರಿಸರ್ವ್ ಆಗದ ಯಾವುದೋ ಅಮೂಲ್ಯ ಪ್ರದೇಶದ ಮೇಲೆ ಅದು ಬಂದು ಕೂರಬಹುದು. ಸಾವಿರ ಸಣ್ಣ ತುಂಡುಗಳನ್ನು ಲೂಪ್‌ನಲ್ಲಿ ರಿಸರ್ವ್ ಮಾಡುವ ಕೋಡ್ ಇಲ್ಲಿ ಮಗುಚುತ್ತದೆ. ಹಿಂತಿರುಗುವ ಮೌಲ್ಯವನ್ನು ಯಾರೂ ನೋಡದಿದ್ದರೆ ಉಳಿದ ತುಂಡುಗಳು ಸದ್ದಿಲ್ಲದೆ ಬಯಲಾಗಿರುತ್ತವೆ. ಪಕ್ಕಪಕ್ಕದ ತುಂಡುಗಳನ್ನು ಮೊದಲೇ ಜೋಡಿಸಿ, ಮೌಲ್ಯ ಪರೀಕ್ಷಿಸಿ.

ನಿಮ್ಮ ಫಂಕ್ಷನ್‌ಗೆ __ಇನಿಟ್ ಗುರುತು ಹಾಕಿ. ಬಿಲ್ಡ್ ವೇಳೆ ‘ಸೆಕ್ಷನ್ ಮಿಸ್‌ಮ್ಯಾಚ್’ ಎಂದು ಬಂದರೆ ಅದನ್ನು ಅಡಗಿಸಬೇಡಿ. ಬೂಟ್ ಮುಗಿದ ಮೇಲೆ ಇರದ ಫಂಕ್ಷನ್ ಅನ್ನು ತಡವಾಗಿ ಕರೆಯುತ್ತಿದ್ದೀರಿ ಎಂದು ಕಂಪೈಲ್ ಹೊತ್ತಿನಲ್ಲೇ ಹೇಳುವ ಏಕೈಕ ಸಾಕ್ಷಿ ಅದು.

ಹಂತ 7: ನಿಜಕ್ಕೂ ಆಗಿದೆಯೇ, ಪರೀಕ್ಷಿಸಿ

ಮೊದಲು ಡಿಮೆಸ್ಗ್. ಅದರಲ್ಲಿ ‘ಮೆಮೊರಿ:’ ಎಂದು ಶುರುವಾಗಿ ‘ಅವೈಲಬಲ್’, ‘ರಿಸರ್ವ್ಡ್’, ‘ಸಿಎಂಎ-ರಿಸರ್ವ್ಡ್’ ಲೆಕ್ಕ ಕೊಡುವ ಸಾಲೊಂದಿದೆ. ನಿಮ್ಮ ಕಾಯ್ದಿರಿಸುವಿಕೆಯ ಸಂದೇಶ ಅದಕ್ಕಿಂತ ಮೇಲೆ ಇರಬೇಕು. ಆರ್ಮ್64ನಲ್ಲಿ ಇನ್ನೂ ಸುಲಭದ ಗುರುತು: ಆ ಹಂತದಲ್ಲಿ ಗಡಿಯಾರ ಓಡುತ್ತಿರುವುದಿಲ್ಲ, ಸಮಯ 0.000000 ಎಂದೇ ಇರುತ್ತದೆ. ನಿಮ್ಮ ಸಾಲಿನ ಮುಂದೆ ಬೇರೆ ಸಂಖ್ಯೆ ಕಂಡರೆ ತಡವಾಗಿದೆ.

ನಂತರ ಮೆಮ್‌ಬ್ಲಾಕ್=ಡಿಬಗ್ ಹಾಕಿ ಬೂಟ್ ಮಾಡಿ. ಪ್ರತಿ ರಿಸರ್ವ್, ಪ್ರತಿ ಹಂಚಿಕೆ ಕರೆದವರ ಹೆಸರಿನೊಂದಿಗೆ ಬರುತ್ತದೆ. ಆದರೆ ಇದೂ ಅರ್ಲಿ_ಪ್ಯಾರಮ್ ಆಯ್ಕೆಯೇ, ಹಾಗಾಗಿ ಪಾರ್ಸ್_ಅರ್ಲಿ_ಪ್ಯಾರಮ್‌ಗಿಂತ ಮುಂಚಿನ ಕರೆಗಳು ಇದರಲ್ಲಿ ಕಾಣುವುದಿಲ್ಲ. ಸಾಲು ಇಲ್ಲವೆಂದ ಮಾತ್ರಕ್ಕೆ ರಿಸರ್ವ್ ಆಗಿಲ್ಲ ಎಂದುಕೊಳ್ಳಬೇಡಿ, ನಂತರ ಬರುವ ಪೂರ್ಣ ಪಟ್ಟಿಯಲ್ಲಿ ಹುಡುಕಿ. ಸಾಲುಗಳು ಹೆಚ್ಚಾಗಿ ಮೊದಲಿನವು ಅಳಿಸಿಹೋಗುತ್ತಿದ್ದರೆ ಲಾಗ್_ಬಫ್_ಲೆನ್ ಹೆಚ್ಚಿಸಿ.

/ಪ್ರಾಕ್/ಐಒಮೆಮ್: ಆರ್ಮ್64ನಲ್ಲಿ ಸಾದಾ ರಿಸರ್ವ್ ಆದರೆ ‘ಸಿಸ್ಟಮ್ ರ‍್ಯಾಮ್’ ಒಳಗೆ ‘ರಿಸರ್ವ್ಡ್’ ಎಂಬ ಉಪಸಾಲು, ನೋ-ಮ್ಯಾಪ್ ಆದರೆ ಹೊರಗೆ ಪ್ರತ್ಯೇಕ ‘ರಿಸರ್ವ್ಡ್’ ಸಾಲು. /ಪ್ರಾಕ್/ಮೆಮ್‌ಇನ್ಫೋದಲ್ಲಿ ಮೆಮ್‌ಟೋಟಲ್ ಮುಂಚಿಗಿಂತ 65536 ಕೆಬಿ ಇಳಿದಿರಬೇಕು. ರೀಯೂಸಬಲ್ ಆದರೆ ಮೆಮ್‌ಟೋಟಲ್ ಇಳಿಯುವುದಿಲ್ಲ, ಸಿಎಂಎಟೋಟಲ್ ಏರುತ್ತದೆ.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಕರ್ನಲ್ ಸೋರ್ಸ್‌ನ ಟೂಲ್ಸ್ ಅಡಿಯಲ್ಲಿರುವ ಪೇಜ್-ಟೈಪ್ಸ್ ಕಟ್ಟಿಕೊಳ್ಳಿ. ಅದಕ್ಕೆ ವಿಳಾಸವಲ್ಲ, ಪುಟಸಂಖ್ಯೆ ಕೊಡಬೇಕು. 4 ಕೆಬಿ ಪುಟವಾದರೆ ಹೆಕ್ಸ್ 60000000ರ ಕೊನೆಯ ಮೂರು ಸೊನ್ನೆ ತೆಗೆದು ಹೆಕ್ಸ್ 60000, ಉದ್ದ ಹೆಕ್ಸ್ 4000, ಅಂದರೆ 16384 ಪುಟ. ರಾ ಆಯ್ಕೆಯಲ್ಲಿ ಅಷ್ಟೂ ಪುಟಗಳು ರಿಸರ್ವ್ಡ್ ಎಂದೇ ಬರಬೇಕು. ಒಂದೇ ಒಂದು ಪುಟ ಬಡ್ಡಿ, ಸ್ಲ್ಯಾಬ್ (ಕರ್ನಲ್‌ನ ಸಣ್ಣ ಹಂಚಿಕೆಗಳು) ಅಥವಾ ಅನಾನಿಮಸ್ (ಪ್ರೋಸೆಸ್‌ಗಳ ಡೇಟಾ) ಎಂದು ಕಂಡರೂ ಕೆಲಸ ಕೆಟ್ಟಿದೆ.

ಕಠಿಣ ಪರೀಕ್ಷೆ ಮೆಮ್‌ಟೆಸ್ಟ್. ಕಾನ್ಫಿಗ್‌ನಲ್ಲಿ ಅದನ್ನು ಸೇರಿಸಿ ಮೆಮ್‌ಟೆಸ್ಟ್=4 ಎಂದು ಬೂಟ್ ಮಾಡಿದರೆ, ಕರ್ನಲ್ ಮೆಮ್‌ಬ್ಲಾಕ್ ಹಂತದಲ್ಲೇ ಖಾಲಿ ಜಾಗಕ್ಕೆಲ್ಲ ಮಾದರಿ ಬರೆದು ಓದುತ್ತದೆ, ಕಾಯ್ದಿರಿಸಿದ್ದನ್ನು ಬಿಡುತ್ತದೆ. ಬೂಟ್‌ಲೋಡರ್‌ನಿಂದ ನಿಮ್ಮ ಜಾಗದ ಮೊದಲು, ನಡು, ಕೊನೆಯಲ್ಲಿ ಗುರುತು ಬರೆದು, ಬೂಟ್ ಆದ ಮೇಲೆ ಓದಿ. ಮೂರೂ ಉಳಿದಿದ್ದರೆ ಮೆಮ್‌ಟೆಸ್ಟ್‌ಗಿಂತ ಮುಂಚೆ ರಿಸರ್ವ್ ಆಗಿದೆ.

ಅಪಾಯದ ಸೂಚನೆಗಳು

ಒಂದು ಬೋರ್ಡ್‌ನಲ್ಲಿ ಸರಿ, ಹೆಚ್ಚು ರ‍್ಯಾಮ್ ಇರುವ ಅದೇ ಬೋರ್ಡ್‌ನಲ್ಲಿ ಕ್ರ್ಯಾಶ್: ಮೇಲಿನಿಂದ ಕೆಳಕ್ಕೆ ಬರುವ ಹಂಚಿಕೆ ಈಗ ಬೇರೆ ಕಡೆ ಬೀಳುತ್ತಿದೆ. ನಿಮ್ಮ ರಿಸರ್ವ್ ತಡವಾಗಿದೆ, ಇಲ್ಲಿಯವರೆಗೆ ಅದೃಷ್ಟ ಕಾಪಾಡಿತ್ತು.

‘ಓವರ್‌ಲ್ಯಾಪ್ ಡಿಟೆಕ್ಟೆಡ್’: ಎರಡು ನೋಡ್‌ಗಳು ಒಂದೇ ಜಾಗ ಕೇಳಿವೆ. ಇದು ಎಚ್ಚರಿಕೆ ಮಾತ್ರ, ಬೂಟ್ ನಿಲ್ಲುವುದಿಲ್ಲ. ದೋಷವೆಂದೇ ತಿಳಿದು ಸರಿಪಡಿಸಿ.

ಮೆಮ್‌ಬ್ಲಾಕ್ ಹಂಚಿಕೆಯಿಂದ ಒಮ್ಮೆ ಮಾತ್ರ ಬರುವ ವಾರ್ನ್: ಸ್ಲ್ಯಾಬ್ ಸಿದ್ಧವಾದ ಮೇಲೆ ಯಾರೋ ಕರೆದಿದ್ದಾರೆ. ಕರ್ನಲ್ ದಯೆತೋರಿ ಸಾಮಾನ್ಯ ಅಲೊಕೇಟರ್‌ನಿಂದ ಕೊಟ್ಟಿರುತ್ತದೆ, ಆದ್ದರಿಂದ ಕೋಡ್ ಓಡುತ್ತದೆ. ಗಡುವು ದಾಟಿದೆ.

ಇನಿಟ್‌ಆರ್‌ಡಿ ಕೆಟ್ಟಿದೆ ಎಂಬ ಸಂದೇಶ, ಫೈಲ್ ಮಾತ್ರ ಚೆನ್ನಾಗಿದೆ: ಬೂಟ್‌ಲೋಡರ್ ಅದನ್ನು ನಿಮ್ಮ ಜಾಗದಲ್ಲೇ ಇಳಿಸಿ, ಕೋಪ್ರೊಸೆಸರ್ ಆಗಲೇ ಓಡುತ್ತಿದ್ದು ಅದರ ಮೇಲೆ ಬರೆದಿದೆ. ಯು-ಬೂಟ್‌ನಲ್ಲಿ ಇನಿಟ್‌ಆರ್‌ಡಿ_ಹೈ ಮೌಲ್ಯ ನೋಡಿ, ಮಿತಿಯನ್ನು ನಿಮ್ಮ ಜಾಗಕ್ಕಿಂತ ಕೆಳಗಿಡಿ. ಲೋಡ್ ಆಜ್ಞೆಗೆ ಕೈಯಾರೆ ಕೊಟ್ಟ ವಿಳಾಸಗಳನ್ನೂ ಲೆಕ್ಕ ಹಾಕಿ. ಕರ್ನಲ್‌ನ ಯಾವ ರಿಸರ್ವ್ ಕೂಡ ತಾನು ಎದ್ದೇಳುವ ಮುನ್ನ ನಡೆದ ಬರಹವನ್ನು ತಡೆಯಲಾರದು.